ಚರಣ ಮರೆತ ಹಾಡು

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಹಿರಿಯರೇ, ಎಪ್ಪತ್ತರ ದಶಕದಲ್ಲಿ ಸೊಂಟ ಕುಣಿಸಿ ಈಗ ಅದೇ ಸೊಂಟ ಹಿಡಿದುಕೊಂಡು ಕುಳಿತಿರುವ ಸಭಿಕರೇ,

ಹಳೆಯ ಡಿಸ್ಕೊ ಹಾಡುಗಳ ಈ ಬಳಗ ತನ್ನ ವಾರ್ಷಿಕೋತ್ಸವದಲ್ಲಿ ನನ್ನನ್ನು ಕರೆದು ಸನ್ಮಾನಿಸಿದೆ. 'ಅಕ್ಕನ ಜೀವ ಉಳಿಸಿದ ಧೀರೆ' ಎಂದು ಫಲಕದಲ್ಲಿ ಬರೆಸಿದ್ದೀರಿ. ಧೀರೆಯೇ? ಈ ಮೇಜನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ನಿಂತಿರುವುದು ತಮಗೆ ಕಾಣುತ್ತಿಲ್ಲವೇ?

ಅಕ್ಕ ಮತ್ತು ನಾನು ಹೊಲಿಗೆಯವರು. ಆ ಕಾಲದಲ್ಲಿ ನಾವು ಹೊಲಿದ ಬೆಲ್‌ಬಾಟಮ್ ಪ್ಯಾಂಟುಗಳು ಊರಿನ ಬೀದಿಗಳನ್ನೆಲ್ಲ ಪುಕ್ಕಟೆಯಾಗಿ ಗುಡಿಸಿವೆ. ಅಂಗಡಿ ಬಾಗಿಲು ಹಾಕಿದೊಡನೆ ಅಕ್ಕ ಟೇಪ್‌ರೆಕಾರ್ಡರ್ ಹಚ್ಚಿ, ಕತ್ತರಿ ಹಿಡಿದೇ ಕುಣಿಯುತ್ತಿದ್ದಳು. 'ಕತ್ತರಿ ಕೆಳಗಿಡೇ ಅಕ್ಕಾ, ಕಣ್ಣಿಗೆ ಚುಚ್ಚೀತು' ಎಂದು ನಾನು ಆಗಲೂ ಹೆದರುತ್ತಿದ್ದೆ.

ಕಳೆದ ವರ್ಷ ಅಕ್ಕ ಆ ಕಾಲದ ಕ್ಯಾಸೆಟ್ಟುಗಳನ್ನು ಅಟ್ಟದಿಂದ ಇಳಿಸಿದಳು. ಧೂಳು ಒರೆಸಿ, ಸಡಿಲಾದ ಟೇಪನ್ನು ಪೆನ್ಸಿಲ್ ತೂರಿಸಿ ಸುತ್ತಿ, ಒಂದೊಂದಾಗಿ ಕೇಳತೊಡಗಿದೆವು. ಒಂದು ಮಧ್ಯಾಹ್ನ ನಮ್ಮ ಅಚ್ಚುಮೆಚ್ಚಿನ ಹಾಡು ಬಂತು. 'ಬಾರೇ, ಕಾಲಿಗೆ ತುಕ್ಕು ಹಿಡಿದಿದ್ಯಾ?' ಎಂದು ನನ್ನನ್ನು ಎಳೆದಳು. ಗಿರಗಿರನೆ ತಿರುಗಿದವಳು ಬಟ್ಟೆ ಕತ್ತರಿಸುವ ಮೇಜಿನ ಪಕ್ಕ ಕುಸಿದಳು. ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡೆ. ಉಸಿರಿರಲಿಲ್ಲ.

ಆಂಬುಲೆನ್ಸಿಗೆ ಫೋನ್ ಮಾಡಿದೆ. ಆ ಕಡೆಯ ಹೆಣ್ಣುಮಗಳು, 'ಎದೆ ಮಧ್ಯೆ ಎರಡೂ ಕೈ ಇಟ್ಟು ಜೋರಾಗಿ ಒತ್ತಿ ಅಮ್ಮಾ. ಅಲ್ಲಿ ಹಾಡು ಕೇಳಿಸ್ತಿದೆಯಲ್ಲ, ಅದೇ ತಾಳಕ್ಕೆ ಒತ್ತಿ. ನಿಲ್ಲಿಸ್ಬೇಡಿ' ಎಂದಳು.

ಒತ್ತಿದೆ. ಹಾಡು ಮುಗಿಯಿತು. ಕ್ಯಾಸೆಟ್ಟಿನ ಆ ಬದಿಯಲ್ಲಿ ಅದೇ ಕೊನೆಯದು. ಟೇಪ್‌ರೆಕಾರ್ಡರಿನ ಗುಂಡಿ ಟಕ್ಕೆಂದು ಮೇಲೆದ್ದಿತು. ಕೈ ಬಿಟ್ಟು ಎದ್ದು ಮತ್ತೆ ಹಚ್ಚುವುದು ಹೇಗೆ? ನಾನೇ ಹಾಡಿದೆ. ಪಲ್ಲವಿ ಬಂತು. ಚರಣ ಬರಲಿಲ್ಲ. ಸಾವಿರ ಸಲ ಹಾಡಿದ ಹಾಡು, ಚರಣವೇ ಬರಲಿಲ್ಲ! ಹಾಡು ನಿಂತರೆ ಅಕ್ಕ ಹೋದಳು ಎನಿಸಿಬಿಟ್ಟಿತು. ಪಲ್ಲವಿ, ಮತ್ತೆ ಪಲ್ಲವಿ, ಮತ್ತೆ ಅದೇ ಪಲ್ಲವಿ. ಅವಳ ಪಕ್ಕೆಲುಬು ಲಟಕ್ಕೆಂದದ್ದು ನನ್ನ ಅಂಗೈಗೆ ಗೊತ್ತಾಯಿತು. ಆಗಲೂ ಹಾಡಿದೆ. ಆಂಬುಲೆನ್ಸಿನವರು ಬಂದು, 'ಕೈ ತೆಗೀರಿ ಅಮ್ಮಾ, ಇನ್ನು ನಾವು ನೋಡ್ಕೋತೀವಿ' ಎಂದರೂ ಬಾಯಿ ನಿಲ್ಲಲಿಲ್ಲ. ಆಸ್ಪತ್ರೆಯ ಕಾರಿಡಾರಿನಲ್ಲೂ ಹಾಡುತ್ತಲೇ ಇದ್ದೆನಂತೆ.

ಅಕ್ಕ ಬದುಕಿದಳು. ಮನೆಗೆ ಬಂದವಳು ಮೊದಲು ಕೇಳಿದ್ದು ಆ ಕ್ಯಾಸೆಟ್ಟನ್ನೇ. ಆ ಹಾಡು ಶುರುವಾದರೆ ಸಾಕು, ನನ್ನ ಕೈ ತಾನಾಗಿಯೇ ಒತ್ತತೊಡಗುತ್ತದೆ; ಮೇಜಾದರೂ ಸರಿ, ದಿಂಬಾದರೂ ಸರಿ. ಅವಳು ಸ್ವಲ್ಪ ಕಣ್ಣು ಮುಚ್ಚಿದರೆ ಮೂಗಿನ ಬಳಿ ಬೆರಳು ಹಿಡಿದು ನೋಡುತ್ತೇನೆ. ಮೊನ್ನೆ ಎಚ್ಚರಾಗಿ ಬೈದಳು: 'ಸತ್ತು ಬಂದೋಳು ನಾನು, ಭಯ ನಿಂಗಾ? ಬೆರಳು ತೆಗಿಯೇ!'

ಸಭಿಕರೇ, ಈ ಭಾಷಣ ಮುಗಿದೊಡನೆ ಅದೇ ಹಾಡು ಹಾಕಿ ಅಕ್ಕನನ್ನು ಕುಣಿಸಲು ತಾವು ಗುಟ್ಟಾಗಿ ಏರ್ಪಾಡು ಮಾಡಿರುವುದು ನನಗೆ ಗೊತ್ತಾಗಿದೆ. ಬೇರೆ ಯಾವ ಹಾಡನ್ನಾದರೂ ಹಾಕಿ, ನಾನೂ ಕುಣಿಯುತ್ತೇನೆ. ಅದೊಂದು ಮಾತ್ರ ಬೇಡ. ಕೈ ಮುಗಿದು ಕೇಳುತ್ತೇನೆ, ಇವತ್ತು ಬೇಡ.

ಮುಂದಿನ ಸಾಲಿನಿಂದ ಅಕ್ಕ ನನ್ನನ್ನು ಗುರಾಯಿಸುತ್ತಿದ್ದಾಳೆ. ಗುರಾಯಿಸಲಿ. ಇನ್ನೂ ಬಹಳ ವರ್ಷ ಹೀಗೆಯೇ ಗುರಾಯಿಸುತ್ತಿರಲಿ.

ಇಷ್ಟು ಹೊತ್ತು ನನ್ನ ಭಯಕ್ಕೆ ಕಿವಿಗೊಟ್ಟ ತಮಗೆಲ್ಲ ವಂದನೆಗಳು. ನಮಸ್ಕಾರ.