ಗು ಏಳು

ಮಳೆ ಮಧ್ಯಾಹ್ನವೇ ಹಿಡಿದಿತ್ತು, ಸಂಜೆಯಾದರೂ ಬಿಡುವ ಲಕ್ಷಣವಿರಲಿಲ್ಲ. ನಾವು ಹೊಸದಾಗಿ ಕೊಂಡ ಹಳೆಯ ಮನೆಯ ನಡುಕೋಣೆಯಲ್ಲಿ, ಇನ್ನೂ ಬಿಚ್ಚದ ಸಾಮಾನಿನ ಪೆಟ್ಟಿಗೆಗಳ ಮೇಲೆಯೇ ಕುಳಿತಿದ್ದೆವು: ನಾನು, ನನ್ನ ಹೆಂಡತಿ, ಬಣ್ಣಗಳ ಮಾದರಿ ಪುಸ್ತಕ ಹಿಡಿದ ಅವಳ ತಮ್ಮ, ನಮ್ಮ ಅತ್ತೆ. ಇದ್ದ ಒಂದೇ ಕುರ್ಚಿಯನ್ನು ಮೇಸ್ತ್ರಿ ಅಜ್ಜನಿಗೆ ಕೊಟ್ಟಿದ್ದೆವು. ಗೋಡೆಯೊಳಗಿನ ಹಳೆಯ ಬೆಂಕಿಗೂಡನ್ನು ಹೊಸದು ಮಾಡಿಸಬೇಕೆಂದು ಕರೆಸಿದ್ದೆವು. ಕೆಲಸ ನೋಡಿ ಹೊರಡಬೇಕಾದವರು ಮಳೆಗೆ ಸಿಕ್ಕಿಕೊಂಡಿದ್ದರು.

ನನ್ನ ಹೆಂಡತಿ ಉತ್ಸಾಹದಲ್ಲಿದ್ದಳು. ಒಲೆಗೆ ಹೊಸ ಗಾಜಿನ ಬಾಗಿಲು, ಸುತ್ತ ತಿಳಿ ಬೂದು ಬಣ್ಣ, ಮೂಲೆಗೆ ಓದುವ ದೀಪ, ಎದುರಿಗೆ ದಪ್ಪ ಜಮಖಾನ. ಅಜ್ಜ ಎಲ್ಲಕ್ಕೂ ತಲೆಯಾಡಿಸಿದರು. "ಎಡಗಡೆ ಕಂಬದಲ್ಲಿ ಮಂಡಿ ಮಟ್ಟಕ್ಕಿರೋ ಆ ಹಲಗೆ ಕಿತ್ತುಬಿಡಿ" ಎಂದು ಅವಳು ಹೇಳಿದಾಗ ಮಾತ್ರ ಕೈಯಲ್ಲಿದ್ದ ಲೋಟ ಕೆಳಗಿಟ್ಟರು.

"ಅದೊಂದು ಬಿಟ್ಟು ಬೇರೆ ಏನು ಬೇಕಾದ್ರೂ ಹೇಳವ್ವ."

"ಯಾಕಜ್ಜ, ದೆವ್ವ ಗಿವ್ವ ಕೂತಿದೆಯಾ?" ಎಂದು ಭಾವಮೈದುನ ಕಿಚಾಯಿಸಿದ. ಅಜ್ಜ ನಗಲಿಲ್ಲ. ಬಾಗಿಲ ಕಡೆ ಒಮ್ಮೆ ನೋಡಿ ಶುರು ಮಾಡಿದರು.

"ದೆವ್ವ ಅನ್ನಬೇಡಪ್ಪ. ಅವಳಿಗೂ ಒಂದು ಹೆಸರಿತ್ತು. ಮನೇಲಿ ಗುಬ್ಬಿ ಅಂತ ಕರೀತಿದ್ರು. ಅದು ನನಗೆ ಆಮೇಲೆ ಗೊತ್ತಾಗಿದ್ದು… ಮೊದಲೇ ಗೊತ್ತಾಗಿದ್ರೆ ಈ ಕತೆಯೇ ಇರ್ತಿರಲಿಲ್ಲ.

ನಲವತ್ತು ವರ್ಷದ ಹಿಂದಿನ ಮಾತು. ಈ ಮನೇಲಿ ಒಬ್ಬ ಬಸ್ ಡ್ರೈವರ್ರು, ಅವರ ಹೆಂಡತಿ ಇದ್ರು. ಆಯಮ್ಮ ಬಟ್ಟೆ ಹೊಲೀತಿದ್ರು. ಒಬ್ಬಳೇ ಮಗಳು, ಜ್ವರ ಬಂದು ನಾಲ್ಕೇ ದಿನಕ್ಕೆ ಹೋಗಿಬಿಟ್ಟಿದ್ದಳು. ಆಮೇಲೆ ಆಯಮ್ಮ ಹೊಲಿಗೆ ಬಿಟ್ಟು, ಊಟ ಬಿಟ್ಟು, ದಿನವಿಡೀ ಈ ಬೆಂಕಿಗೂಡಿನ ಮುಂದೆ ಕೂತು ಗೋಡೆ ನೋಡ್ತಿದ್ರಂತೆ. ಡ್ರೈವರ್ರಿಗೆ ಹೆಂಡತಿಯೂ ಕೈತಪ್ಪಿ ಹೋಗ್ತಾಳೆ ಅನ್ನೋ ಭಯ. ಅವಳು ತಂಗಿ ಮನೆಗೆ ಹೋದ ಎಂಟು ದಿನದಲ್ಲಿ ಈ ಕೋಣೆ ಗುರುತು ಸಿಗದ ಹಾಗೆ ಮಾಡಿಕೊಡಿ ಅಂತ ನನ್ನ ಕರೆದ್ರು. ಪಾಪ, ಒಳ್ಳೇದಕ್ಕೇ ಕರೆದಿದ್ದು… ಒಳ್ಳೇದಕ್ಕೆ ಅಂತ ಮಾಡಿದ್ದೇ ಎಷ್ಟು ಸಲ ಎದೆಗೆ ಒದೆಯುತ್ತೆ, ಅಲ್ವಾ?

ಆಗ ಈ ಬೆಂಕಿಗೂಡು ಹೊಗೆ ಹಿಡಿದು ಕಪ್ಪಾಗಿದ್ದ ದೊಡ್ಡ ಬಾಯಿ. ಬಾಯಿ ಚಿಕ್ಕದು ಮಾಡಿ ಕಬ್ಬಿಣದ ಒಲೆ ಕೂರಿಸಿದೆ. ಎಡಗಡೆ ಕಂಬಕ್ಕೆ ಬಂದೆ ನೋಡಿ, ಅಲ್ಲಿ ಪೆನ್ಸಿಲಲ್ಲಿ ಎಳೆದ ಅಡ್ಡ ಗೀಟುಗಳು, ಒಂದರ ಮೇಲೊಂದು. ಪಕ್ಕದಲ್ಲಿ ಬರವಣಿಗೆ: ಗು ನಾಲ್ಕು, ಗು ಐದು, ಗು ಆರು, ಎಲ್ಲಕ್ಕಿಂತ ಮೇಲೆ ಗು ಏಳು. ಗಾರೆಯವನ ಕಣ್ಣಿಗೆ 'ಗು' ಅಂದ್ರೆ ಏನು ಹೇಳಿ? ಗುಂಡು, ತೂಗುಗುಂಡು! ಕಂಬ ನೆಟ್ಟಗಿದೆಯಾ ಅಂತ ದಾರ ಇಳಿಬಿಟ್ಟು ನೋಡ್ತೀವಲ್ಲ, ಅದು. ಹಿಂದಿನ ಮೇಸ್ತ್ರಿ ಮಾಡಿದ ಗುರುತು ಅಂದ್ಕೊಂಡೆ. 'ಎಂಥ ಪೆದ್ದನಯ್ಯ, ಒಂದು ಕಂಬಕ್ಕೆ ಏಳು ಸಲ ಗುಂಡು ಕಟ್ಟಿದ್ದಾನೆ' ಅಂತ ಒಬ್ಬನೇ ನಕ್ಕೆ… ನಕ್ಕೆ ಕಣ್ರೀ, ಈ ಬಾಯಲ್ಲೇ.

ಡ್ರೈವರ್ರಿಗೂ ಗೊತ್ತಿರಲಿಲ್ಲ. ಪ್ರತಿ ಹುಟ್ಟುಹಬ್ಬದ ಬೆಳಿಗ್ಗೆ ತಾಯಿ ಮಗಳನ್ನ ಅಲ್ಲಿ ನಿಲ್ಲಿಸಿ ಎತ್ತರ ಅಳೆದು ಗೀಟು ಎಳೆಯೋ ಹೊತ್ತಿಗೆ ಆಯಪ್ಪ ಬಸ್ಸಲ್ಲಿ ಇರ್ತಿದ್ರು. ಹಳೇ ಗೋಡೆಗೆ ಹೊಸ ಗಾರೆ ಕಚ್ಚಬೇಕಾದ್ರೆ ಉಳಿಯಿಂದ ಮೈಯೆಲ್ಲ ಕೆತ್ತಬೇಕು. ಕೆತ್ತಿದೆ. ಒಂದು ಗೀಟೂ ಬಿಡದೆ ಕೆತ್ತಿದೆ. ಗಡಿಯಾರ ಇಡೋಕೆ ಒಂದು ಹಲಗೆನೂ ಬೇಕು ಅಂತ ಡ್ರೈವರ್ರು ಹೇಳಿದ್ರು; ಸಿದ್ಧವಾಗಿ ಮಟ್ಟ ಸಿಕ್ಕಿದೆ ಅಂತ ಕೆತ್ತೋ ಮೊದಲೇ ಆ ಗು ಏಳರ ಎತ್ತರ ಅಳೆದಿಟ್ಟುಕೊಂಡಿದ್ದೆ, ಅಷ್ಟಕ್ಕೇ ಸರಿಯಾಗಿ ಹಲಗೆ ಕೂರಿಸಿದೆ.

ಆಯಮ್ಮ ಬಂದ್ರು. ಹೊಸ ಪರದೆ ನೋಡಲಿಲ್ಲ, ಬಣ್ಣ ನೋಡಲಿಲ್ಲ. ಕಂಬದ ಹತ್ರ ಹೋಗಿ ಆ ನುಣುಪು ಗಾರೆ ಮೇಲೆ ಅಂಗೈ ಆಡಿಸಿದ್ರು. ಆಮೇಲೆ ನನ್ನ ಕಡೆ ತಿರುಗಿ, 'ಮೇಸ್ತ್ರಿಗಳೇ, ಇಲ್ಲಿ ನನ್ನ ಮಗು ನಿಂತಿತ್ತಲ್ಲ… ಎಲ್ಲಿ?' ಅಂದ್ರು. ಬೈದಿದ್ರೆ ತಡ್ಕೊಳ್ತಿದ್ದೆ. ಹೊಡೆದಿದ್ರೂ ತಡ್ಕೊಳ್ತಿದ್ದೆ. ನಾನು ತೊದಲುತ್ತಾ ಹಲಗೆ ತೋರಿಸಿದೆ. 'ಅಮ್ಮ, ಕೊನೇ ಗೀಟಿನ ಎತ್ತರ ಇದೇ. ಒಂದು ಕೂದಲೆಳೆ ವ್ಯತ್ಯಾಸ ಇಲ್ಲ.' ಆಯಮ್ಮ ಗಡಿಯಾರ ತೆಗೆದು ಪಕ್ಕಕ್ಕಿಟ್ಟು, ಹಲಗೆ ಮೇಲೆ ಕೈಯಿಟ್ಟು ಸವರಿದ್ರು. ತಲೆ ಸವರ್ತಾರಲ್ಲ, ಹಾಗೆ. ಆವತ್ತು ರಾತ್ರಿ ಊಟ ಮಾಡಿದ್ರಂತೆ.

ಒಂದು ವರ್ಷ ಆಗ್ತಾ ಬಂದಿತ್ತು. ಡ್ರೈವರ್ರು ಬಂದು, 'ಹಲಗೆ ಮೇಲಕ್ಕೆ ಹೋಗಿದೆ, ಬಂದು ನೋಡಿ' ಅಂದ್ರು. ಬಂದೆ. ನನ್ನ ಅಂಗಿಯ ಮೂರನೇ ಗುಂಡಿಗೆ ಬರ್ತಿದ್ದ ಹಲಗೆ ಎರಡು ಬೆರಳು ಮೇಲಿತ್ತು. ಓರೆಯಾಗಿದೆಯಾ ಅಂತ ರಸಮಟ್ಟ ಇಟ್ಟೆ, ಅದರೊಳಗಿನ ಗುಳ್ಳೆ ನಟ್ಟ ನಡುವೆ ನಿಂತಿತ್ತು. ಗಾರೆ ಬಿರುಕು ಬಿಟ್ಟಿಲ್ಲ, ಬಣ್ಣ ಎದ್ದಿಲ್ಲ. ಆಯಮ್ಮ ಮಾತ್ರ ನಗ್ತಾ, 'ಇವತ್ತಿಗೆ ಎಂಟು ತುಂಬ್ತು' ಅಂದ್ರು.

ಯಾಕೆ ಹಾಗಾಯ್ತು ಅಂತೀರಾ? ನಾನು ಎಷ್ಟೋ ವರ್ಷ ತಲೆ ಕೆಡಿಸಿಕೊಂಡೆ. ತಾಯಿ ಬರೆದ 'ಏಳು' ವಯಸ್ಸಿನ ಲೆಕ್ಕದ ಏಳು. ಗೀಟು ಇದ್ದಿದ್ರೆ ಮಗು ಅಲ್ಲೇ, ಏಳಕ್ಕೇ, ಸಮಾಧಾನವಾಗಿ ನಿಲ್ತಿತ್ತು. ನಾನು ಗೀಟು ಕೆತ್ತಿ ಹಾಕಿದೆ. ಅವಳ ಪಾಲಿಗೆ ಉಳಿದಿದ್ದು 'ಗುಬ್ಬೀ, ಏಳು' ಅನ್ನೋ ಅಮ್ಮನ ಮಾತೊಂದೇ. ಅಮ್ಮ ಏಳು ಅಂದ್ರೆ ಮಗು ಏಳದೆ ಇರುತ್ತಾ?

ವರ್ಷ ವರ್ಷ ಬೆಳೆದಳು. ಡ್ರೈವರ್ರು ಮೊದಮೊದಲು ಆ ಕಡೆ ಮುಖ ಹಾಕ್ತಿರಲಿಲ್ಲ. ಒಂದು ಬೆಳಿಗ್ಗೆ ನಾನು ಬಾಗಿಲಲ್ಲಿ ನಿಂತಿದ್ದು ಗೊತ್ತಿಲ್ಲದೆ, ಡ್ಯೂಟಿಗೆ ಹೊರಟ ಮನುಷ್ಯ ಹಲಗೆ ಮುಟ್ಟಿ, 'ಬರ್ತೀನಿ ಕಂದ' ಅಂದಿದ್ದನ್ನ ಕೇಳಿದೀನಿ. ಗುಬ್ಬಿ ಅಮ್ಮನಿಗಿಂತ ನಾಲ್ಕು ಬೆರಳು ಎತ್ತರ ಬಂದು ನಿಂತಳು. 'ಅವರಪ್ಪನ ಎತ್ತರ' ಅಂತ ಆಯಮ್ಮನಿಗೆ ಎಷ್ಟು ಹೆಮ್ಮೆ ಗೊತ್ತಾ! ಗಂಡ ತೀರಿಕೊಂಡ ಮೇಲೂ ಒಬ್ಬಳೇ ಇದ್ದೀನಿ ಅನ್ನೋ ಮಾತು ಅವರ ಬಾಯಲ್ಲಿ ಬರಲಿಲ್ಲ.

ಹೋದ ವರ್ಷ ಆಯಮ್ಮ ಹಾಸಿಗೆ ಹಿಡಿದ್ರು. ಮಂಚ ಈ ಕಂಬದ ಪಕ್ಕಕ್ಕೇ ಹಾಕಿಸಿಕೊಂಡ್ರು. ಆದ್ರೆ ಮಲಗಿದವರ ಕೈಗೆ ಹಲಗೆ ಎಲ್ಲಿ ಸಿಗುತ್ತೆ? ಕೈ ಎತ್ತೋರು, ಗಾಳೀಲಿ ತಡಕೋರು, ಸೋತು ಇಳಿಸೋರು. ನನ್ನ ಕರೆಸಿ, 'ಮೇಸ್ತ್ರಿಗಳೇ, ಒಂದೇ ಸಲ ನನ್ನ ಕೈಗೆ ಸಿಗೋ ಹಾಗೆ ಇಳಿಸಿಕೊಡಿ' ಅಂದ್ರು. ಉಳಿ ತಗೊಂಡೆ, ಸುತ್ತಿಗೆ ಎತ್ತಿದೆ… ಏಟು ಹಾಕೋಕೆ ಆಗಲಿಲ್ಲ. ಒಂದು ಸಲ ಆ ಮಗು ಮೇಲೆ ಉಳಿ ಇಟ್ಟಿದ್ದು ಸಾಲದಾ? 'ನಾಳೆ ಬರ್ತೀನಮ್ಮ' ಅಂತ ಸುಳ್ಳು ಹೇಳಿ ಓಡಿಹೋದೆ.

ಮಾರನೇ ದಿನ ಮಧ್ಯಾಹ್ನ ಮನಸ್ಸು ತಡೀದೆ ಬಂದೆ. ಆಯಮ್ಮ ಹೋಗಿಬಿಟ್ಟಿದ್ರು. ಹಲಗೆ… ಹಲಗೆ ಮಂಚದ ಮಟ್ಟಕ್ಕೆ ಇಳಿದಿತ್ತು. ಅವರ ಕೈ ಅದರ ಮೇಲಿತ್ತು. ಮಗಳು ಅಮ್ಮನ ಪಕ್ಕ ನೆಲದ ಮೇಲೆ ಕೂತುಬಿಟ್ಟಿದ್ದಳು ಕಣ್ರೀ. ನಾನು ಮಾಡದ ಕೆಲಸ ಅವಳೇ ಮಾಡಿದ್ದಳು."

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಭಾವಮೈದುನನ ಬಣ್ಣದ ಪುಸ್ತಕ ಎಂದೋ ನೆಲಕ್ಕೆ ಬಿದ್ದಿತ್ತು. ಅಜ್ಜ ನಮ್ಮ ಬೆನ್ನ ಹಿಂದಿನ ಗೋಡೆಯನ್ನೇ ನೋಡುತ್ತಿದ್ದರು.

"ಆಮೇಲೆ ಅವಳು ಎದ್ದೇ ಇಲ್ಲ. ನೆಂಟರು ಬಂದು ಮಂಚ ಸಾಗಿಸಿದ್ರು, ಮನೆ ಮಾರಿದ್ರು, ಅವಳು ಕೂತೇ ಇದ್ದಳು. ಇವತ್ತು ನಾನು ಒಳಗೆ ಬಂದಾಗಲೂ ಹಲಗೆ ಮಂಡಿ ಮಟ್ಟದಲ್ಲೇ ಇತ್ತು, ನೀವೂ ನೋಡಿದ್ದೀರಿ… ಬಹಳ ದಿನದ ಮೇಲೆ ಈ ಕೋಣೇಲಿ ಅವಳ ಹೆಸರು ಕೇಳಿಸ್ತಲ್ಲ. ಅಮ್ಮ ಬಂದ್ಲು ಅಂದ್ಕೊಂಡಳೋ ಏನೋ. ಗಾಬರಿಯಾಗಬೇಡಿ, ನಿಧಾನಕ್ಕೆ ತಿರುಗಿ… ಎದ್ದು ನಿಂತಿದ್ದಾಳೆ. ಯಾರಾದ್ರೂ ಒಬ್ಬರು ಹೋಗಿ ತಲೆ ಮೇಲೆ ಕೈಯಿಡಿ. ಗಾರೆ ಹೊಡೆದು ಹೊಡೆದು ನನ್ನ ಭುಜ ಹೋಗಿದೆ, ಕೈ ಅಷ್ಟು ಮೇಲಕ್ಕೆ ಏಳೋದಿಲ್ಲ."