ರಮಾಮಣಿ ಟೀಚರ ಐದು ತಿಂಗಳು

ಮಾನ್ಯ ಅಧ್ಯಕ್ಷರಾದ ಶ್ರೀ ವಿಷ್ಣುಮೂರ್ತಿಯವರೇ, ಬೇಲಾಪುರದ ಕಚೇರಿಯಿಂದ ಎರಡು ಗಾಡಿ ಬದಲಿಸಿ ಡೊಂಬಿವಲಿಯ ತನಕ ಬಂದಿರುವ ಮುಖ್ಯ ಅತಿಥಿಗಳೇ, ಇಂದು ಸೇವೆಯಿಂದ ನಿವೃತ್ತರಾಗುತ್ತಿರುವ ಕುಮಾರಿ ರಮಾಮಣಿ ಟೀಚರೇ, ಸಹೋದ್ಯೋಗಿಗಳೇ, ಪಾಲಕರೇ, ಮುಂದೆ ಜಮಖಾನದ ಮೇಲೆ ಕೂತು ಆಗಲೇ ಆಕಳಿಸುತ್ತಿರುವ ಮಕ್ಕಳೇ, ಮತ್ತು ನನ್ನ ಪ್ರೀತಿಯ ಸಭಿಕರೇ,

ಶೇಖರ, ಮೈಕು ಸ್ವಲ್ಪ ಇಳಿಸಪ್ಪಾ. ಅಧ್ಯಕ್ಷರ ಎತ್ತರಕ್ಕೆ ಇಟ್ಟದ್ದು ನನಗೆ ಹೇಗೆ ಎಟುಕೀತು? ಹಾಂ, ಸಾಕು.

ಆಮಂತ್ರಣ ಪತ್ರಿಕೆಯಲ್ಲಿ ನನ್ನ ಹೆಸರಿನ ಮುಂದೆ ‘ಮುಖ್ಯಾಧ್ಯಾಪಕರಿಂದ ಎರಡು ಮಾತು’ ಎಂದು ಅಚ್ಚು ಹಾಕಿಸಿದ್ದಾರೆ. ಮೂವತ್ತೊಂದು ವರ್ಷ ಮೇಷ್ಟ್ರಾಗಿದ್ದವನಿಗೆ ಎರಡೇ ಮಾತು ಆಡು ಎನ್ನುವುದು, ಹಸಿದವನನ್ನು ನಮ್ಮ ಅಧ್ಯಕ್ಷರ ಹೋಟೆಲಿಗೆ ಕರೆದೊಯ್ದು ಬರೀ ನೀರು ಕುಡಿಸಿ ಕಳಿಸಿದ ಹಾಗೆ. ಆದ್ದರಿಂದ ಸ್ವಲ್ಪ ಹೆಚ್ಚಾದರೆ ಸಹಿಸಿಕೊಳ್ಳಿ. ನನ್ನ ಮಾತು ಕೇಳುವುದಕ್ಕೆ ಮನೆಯಲ್ಲಿ ಯಾರೂ ಇಲ್ಲ, ಹಾಗಾಗಿ ಸಭೆ ಸಿಕ್ಕಾಗ ಬಿಡುವುದಿಲ್ಲ ಎಂದು ನನ್ನ ಸಹೋದ್ಯೋಗಿಗಳು ಹಿಂದಿನಿಂದ ಹೇಳುತ್ತಾರೆ. ಹೇಳಲಿ, ನಿಜವೇ ಇದೆ.

ಅಧ್ಯಕ್ಷರು ಈಗಷ್ಟೇ ಬಹಳ ಆವೇಶದಿಂದ ಮಾತಾಡಿದರು. ಹದಿನೇಳು ವರ್ಷ ಈ ಶಾಲೆಗಾಗಿ ದುಡಿದ ಟೀಚರಿಗೆ ಸರ್ಕಾರದ ಲೆಕ್ಕದಲ್ಲಿ ಸೇವೆ ಬರೀ ಒಂಬತ್ತು ವರ್ಷ ಏಳು ತಿಂಗಳು. ಪಿಂಚಣಿಗೆ ಹತ್ತು ವರ್ಷ ಆಗಲೇಬೇಕು. ಐದು ತಿಂಗಳು ಕಡಿಮೆ ಬಿತ್ತು, ಆದ್ದರಿಂದ ಪಿಂಚಣಿ ಇಲ್ಲ. ಇದು ಎಂಥ ಸರ್ಕಾರ ಎಂದು ಅಧ್ಯಕ್ಷರು ಕೇಳಿದರು. ನೀವೆಲ್ಲ ಚಪ್ಪಾಳೆ ಹೊಡೆದಿರಿ. ನಾನೂ ಹೊಡೆದೆ.

ಸರ್ಕಾರವನ್ನು ಬೈಯುವುದು ಸುಲಭ. ತಿರುಗಿ ಬೈಯುವುದಕ್ಕೆ ಅದು ಸಭೆಗೆ ಬಂದಿರುವುದಿಲ್ಲ. ಮುಂಬಯಿಯ ಮಂತ್ರಾಲಯದಲ್ಲಿ ಕೂತವರಿಗೆ ಡೊಂಬಿವಲಿಯ ಒಂದು ಕನ್ನಡ ಶಾಲೆ ಯಾವ ಲೆಕ್ಕ? ಅನುದಾನ ಕೇಳಿದರೆ ಮಕ್ಕಳೆಷ್ಟು ಎನ್ನುತ್ತಾರೆ. ಮಕ್ಕಳನ್ನು ತಂದರೆ ತರಗತಿಗೆ ಮಂಜೂರಾತಿ ಎಲ್ಲಿದೆ ಎನ್ನುತ್ತಾರೆ. ಹಾಜರಿ ಪಟದಲ್ಲಿ ಒಂದು ಹೆಸರು ಕಡಿಮೆಯಾದರೆ ಒಬ್ಬ ಶಿಕ್ಷಕರ ಹುದ್ದೆಯೇ ಹೋಗುತ್ತದೆ. ಇನ್ನು ಮಕ್ಕಳು ಎಲ್ಲಿಂದ ಬರಬೇಕು? ವೇದಿಕೆಯ ಮೇಲಿರುವ ಹಿರಿಯರು ಸಿಟ್ಟಾಗಬಾರದು, ಕನ್ನಡ ಉಳಿಯಬೇಕು ಎಂದು ಪ್ರತಿ ನವೆಂಬರಿನಲ್ಲಿ ಗಂಟಲು ಹರಿದುಕೊಳ್ಳುವ, ಈ ಶಾಲೆ ನಡೆಸುವ ನಮ್ಮ ಕನ್ನಡ ಸಂಘದವರ ಮೊಮ್ಮಕ್ಕಳೆಲ್ಲ ಇಂಗ್ಲಿಷ್ ಶಾಲೆಯ ಬಸ್ಸಿನಲ್ಲಿ ಹೋಗುತ್ತಾರೆ. ನಮಗೆ ಮಕ್ಕಳು ಬಂದದ್ದು ಗುಲಬರ್ಗಾ, ರಾಯಚೂರು, ನನ್ನ ಬಿಜಾಪುರದ ಕಡೆಯಿಂದ ಇಲ್ಲಿ ಗಾರೆ ಹೊರಲು ಬಂದವರ ಗುಡಿಸಲುಗಳಿಂದ.

ಅವರನ್ನು ತಂದವರು ಯಾರು? ರಮಾಮಣಿ ಟೀಚರು. ಉಡುಪಿಯಿಂದ ಠಾಣೆಯಲ್ಲಿದ್ದ ಅಣ್ಣನ ಮನೆಗೆ ಬಂದು, ಎಂಬತ್ತೊಂದರಲ್ಲಿ ನಮ್ಮಲ್ಲಿ ಕೆಲಸಕ್ಕೆ ಸೇರಿದರು. ಪ್ರತಿ ಜೂನ್ ತಿಂಗಳು, ಶಾಲೆ ತೆರೆಯುವ ಮೊದಲು, ನಾವಿಬ್ಬರೂ ಕಲ್ಯಾಣದ ಜಲ್ಲಿ ಒಡೆಯುವ ಖಡಿ ಯಂತ್ರಗಳ ತನಕ, ಕಟ್ಟಡ ಏಳುತ್ತಿದ್ದ ಕಡೆಯೆಲ್ಲ ತಿರುಗುತ್ತಿದ್ದೆವು. ಕೈಯಲ್ಲಿ ಕೊಡೆ, ಚೀಲದಲ್ಲಿ ದಾಖಲಾತಿ ಅರ್ಜಿ. ಒಂದು ವರ್ಷ ನಾಲ್ಕನೇ ತರಗತಿಗೆ ಒಂದೇ ಒಂದು ಹೆಸರು ಕಡಿಮೆ. ಮರುದಿನ ತಪಾಸಣೆ. ಟೀಚರು ಸೀದಾ ಒಂದು ಕಟ್ಟಡದ ಮೂರನೇ ಮಹಡಿಗೆ ಹತ್ತಿ, ಬುಟ್ಟಿ ಹೊತ್ತಿದ್ದ ಚಂದ್ರಬಾಯಿ ಎಂಬವಳ ಮುಂದೆ ನಿಂತರು. ಮಗಳು ಮಲ್ಲಿಕಾ ಶಾಲೆಗೆ ಬಂದರೆ ಸಣ್ಣ ಕೂಸನ್ನು ನೋಡಿಕೊಳ್ಳುವವರು ಯಾರು ಎಂದು ಅವಳು ಕೇಳಿದಳು. ಕೂಸನ್ನೂ ಕರೆತರಲಿ ಎಂದರು ಇವರು. ಆ ಕೂಸು ಎರಡು ವರ್ಷ ನಮ್ಮ ಸ್ಟಾಫ್ ರೂಮಿನಲ್ಲೇ ಬೆಳೆಯಿತು. ನನ್ನ ಹಾಜರಿ ಪುಸ್ತಕದ ಮೇಲೆ ಅದು ಮಾಡಿದ ಉಪಕಾರವನ್ನು ಇಲ್ಲಿ ವರ್ಣಿಸುವುದು ಬೇಡ. ಮಲ್ಲಿಕಾ ಏಳನೇ ತರಗತಿ ಮುಗಿಸಿದ ದಿನ ಚಂದ್ರಬಾಯಿ ನನಗೆ ಹೇಳಿದ್ದು ನೆನಪಿದೆ: “ಸರ, ನಿಮ್ಮ ಸಾಲಿ ನನಗ ಗೊತ್ತಿಲ್ರಿ. ನಾ ಟೀಚರ್‍ನ್ನ ನೋಡಿ ಕಳಿಸೀನಿ.”

ನಾನು ಮುಖ್ಯಾಧ್ಯಾಪಕ, ನನ್ನೆದುರಿಗೇ ಹಾಗೆ ಅಂದಳು. ಆದರೆ ಸುಳ್ಳೇನು ಹೇಳಿದಳು?

ನನ್ನ ಹೆಂಡತಿ ಅನಸೂಯಾ ಎಂಬತ್ತನಾಲ್ಕರಲ್ಲಿ ತೀರಿಕೊಂಡಳು. ಮಕ್ಕಳಿರಲಿಲ್ಲ. ಇದನ್ನು ಇಲ್ಲಿ ಯಾಕೆ ಹೇಳುತ್ತಿದ್ದೇನೆ ಎಂದರೆ... ಇರಲಿ, ಹೇಳಿದ್ದಾಯಿತು. ಆಮೇಲೆ ನನಗೆ ಮನೆ ಎಂದರೆ ಮಲಗುವ ಜಾಗ. ರವಿವಾರ ಎಂದರೆ ಭಯ. ಶನಿವಾರದ ಗಂಟೆ ಹೊಡೆದರೆ ಮಕ್ಕಳು ಕುಣಿಯುತ್ತಿದ್ದರು, ನಾನು ಬಾಗಿಲಿಗೆ ಬೀಗ ಹಾಕಲು ತಡಮಾಡುತ್ತಿದ್ದೆ. ಬಾಕಿ ದಿನಗಳಲ್ಲಿ ಶಾಲೆ ಬಿಟ್ಟ ಮೇಲೆ, ಟೀಚರ ಠಾಣೆ ಲೋಕಲ್ಲಿಗೆ ಇಪ್ಪತ್ತು ನಿಮಿಷ ಉಳಿಯುತ್ತಿತ್ತು. ಅವರು ಸ್ಟಾಫ್ ರೂಮಿನಲ್ಲಿ ಒಲೆ ಹಚ್ಚಿ ಚಹಾ ಮಾಡುತ್ತಿದ್ದರು. ನನಗೊಂದು ಲೋಟ, ಅವರಿಗೆ ಅರ್ಧ ಲೋಟ. ಮಾತು ಏನು? ಯಾವ ಹುಡುಗನಿಗೆ ಕಜ್ಜಿ ಆಗಿದೆ, ಯಾರ ಅಪ್ಪ ಕೆಲಸ ಬಿಟ್ಟು ಕಳಂಬೋಲಿಯ ಕಬ್ಬಿಣದ ಮಾರುಕಟ್ಟೆಗೆ ಹೋದ, ಇನ್ನು ಆ ಮಗು ಬರುತ್ತದೋ ಇಲ್ಲವೋ. ಅಷ್ಟೇ ಮಾತು. ಬೇರೆ ಮಾತು ನಮ್ಮಿಬ್ಬರ ನಡುವೆ ಎಂದೂ ಬಂದಿಲ್ಲ, ಸಭೆಗೆ ಸ್ಪಷ್ಟವಾಗಿ ಹೇಳುತ್ತೇನೆ. ಅವರ ಊರು, ಮನೆತನ, ಮಠ ಬೇರೆ, ನನ್ನದು ಬೇರೆ. ಆ ಇಪ್ಪತ್ತು ನಿಮಿಷಕ್ಕಾಗಿ ನಾನು ಇಡೀ ದಿನ ಕಾಯುತ್ತಿದ್ದೆ, ಅಷ್ಟೇ.

ಈಗ ವಿಷಯಕ್ಕೆ ಬರುತ್ತೇನೆ.

ಮೊದಲ ಆರು ವರ್ಷ ಟೀಚರಿಗೆ ಸರ್ಕಾರದ ಮಾನ್ಯತೆ ಸಿಗಲಿಲ್ಲ, ಹೊಸ ಹುದ್ದೆಯೇ ಇರಲಿಲ್ಲ. ಸಂಘ ಕೊಟ್ಟಷ್ಟು ಗೌರವಧನದಲ್ಲಿ ದುಡಿದರು. ಅದು ಸರ್ಕಾರದ ತಪ್ಪು, ಒಪ್ಪುತ್ತೇನೆ, ಚಪ್ಪಾಳೆ ಹೊಡೆಯಿರಿ. ಎಂಬತ್ತೇಳರ ಜೂನ್ ತಿಂಗಳಲ್ಲಿ ಸುತ್ತೋಲೆ ಬಂತು. ಮಾನ್ಯತೆ ಇಲ್ಲದ ಶಿಕ್ಷಕರ ಅರ್ಜಿಯನ್ನು ಮುಖ್ಯಾಧ್ಯಾಪಕರು ಸಹಿ ಹಾಕಿ ಕಳಿಸಬೇಕು, ಅರ್ಜಿ ಕಚೇರಿಗೆ ಮುಟ್ಟಿದ ತಿಂಗಳಿಂದ ಸೇವೆ ಎಣಿಕೆಯಾಗುತ್ತದೆ. ಟೀಚರು ಅಂದೇ ಅರ್ಜಿ ತುಂಬಿ ನನ್ನ ಮೇಜಿನ ಮೇಲಿಟ್ಟರು. ಮುತ್ತಿನಂಥ ಅಕ್ಷರ.

ಅದೇ ವಾರ ಠಾಣೆಯ ಕಚೇರಿಯ ಒಬ್ಬ ಕಾರಕೂನ ನನ್ನ ಕಿವಿಯಲ್ಲಿ ಒಂದು ಮಾತು ಹಾಕಿದ. ಗಡಿ ತಾಲೂಕಿನ ಕನ್ನಡ ಶಾಲೆಗಳಲ್ಲಿ ಮೇಷ್ಟ್ರುಗಳಿಲ್ಲ, ಹೊಸದಾಗಿ ಮಾನ್ಯತೆ ಸಿಕ್ಕವರನ್ನೆಲ್ಲ ಅಲ್ಲಿಗೆ ಕಳಿಸುತ್ತಾರಂತೆ ಎಂದ. ಮಾನ್ಯತೆ ಸಿಕ್ಕವರು ಸರ್ಕಾರದವರು, ಎಲ್ಲಿಗೆ ಎಂದರೆ ಅಲ್ಲಿಗೆ ಹೋಗಬೇಕು. ಮಾನ್ಯತೆ ಇಲ್ಲದವರು ನಮ್ಮವರು, ಅವರನ್ನು ಯಾರೂ ಒಯ್ಯುವುದಿಲ್ಲ.

ಸಭಿಕರೇ, ನಾನು ಆ ಅರ್ಜಿಯನ್ನು ಡ್ರಾಯರಿನಲ್ಲಿಟ್ಟು ಬೀಗ ಹಾಕಿದೆ. ಒಂದು ದಿನವಲ್ಲ, ಒಂದು ವಾರವಲ್ಲ. ಹದಿನಾಲ್ಕು ತಿಂಗಳು.

ದಯವಿಟ್ಟು ಗದ್ದಲ ಬೇಡ. ಅಧ್ಯಕ್ಷರೇ, ನೀವೂ ಕೂತುಕೊಳ್ಳಿ. ಕಮಿಟಿಗೆ ಗೊತ್ತಿರಲಿಲ್ಲ, ಅರ್ಜಿ ಹೋಗಿದೆ ಎಂದೇ ನಾನು ವರದಿಯಲ್ಲಿ ಬರೆದಿದ್ದೆ.

ಟೀಚರು ಒಂದೇ ಒಂದು ಸಲ ಕೇಳಿದರು. ಚಹಾ ಸೋಸುತ್ತಾ, “ಸರ್, ನನ್ನ ಕಾಗದ ಎಂಥ ಆಯ್ತು?” ಎಂದರು. ನಾನು ಮುಖ ನೋಡದೆ, “ಸರ್ಕಾರಿ ಕೆಲಸ ಅಂದ್ರ ನಿಮಗ ಗೊತ್ತೈತೆಲ್ಲಾ ಟೀಚರ್” ಎಂದೆ. ಅವರು ನಂಬಿದರು. ಮತ್ತೆ ಕೇಳಲೇ ಇಲ್ಲ. ಎರಡನೇ ಸಲ ಕೇಳಿದ್ದರೆ ನನ್ನ ಕೈಲಿ ಸುಳ್ಳು ಹೇಳಲಾಗುತ್ತಿರಲಿಲ್ಲವೇನೋ. ನಂಬಿದವರಿಗೆ ಮೋಸ ಮಾಡುವುದು ಎಷ್ಟು ಸುಲಭ ನೋಡಿ.

ಶಾಲೆಗೆ ಅವರು ಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅವರು ಹೋದರೆ ಮಕ್ಕಳು ಬರುವುದಿಲ್ಲ, ಶಾಲೆ ಮುಚ್ಚುತ್ತದೆ ಎಂದೆ. ಅದು ಅರ್ಧ ಸತ್ಯ. ಶಾಲೆಗೆ ಇನ್ನೊಬ್ಬರು ಸಿಗುತ್ತಿದ್ದರು. ಬೇಕಾಗಿದ್ದದ್ದು ನನಗೆ.

ಮರುವರ್ಷ ಆಗಸ್ಟಿನಲ್ಲಿ ಅದೇ ಕಾರಕೂನ ಕಲ್ಯಾಣ ಸ್ಟೇಷನ್ನಿನಲ್ಲಿ ಸಿಕ್ಕ. ಗಡಿಗೆ ಯಾರ್ಯಾರನ್ನು ಕಳಿಸಿದರು ಎಂದು ಕೇಳಿದೆ. ಯಾರನ್ನೂ ಕಳಿಸಲಿಲ್ಲ ಮಾಸ್ತರ್, ಅದು ಬರೀ ಗಾಳಿಮಾತು ಎಂದು ನಕ್ಕ. ಮರುದಿನ ಬೆಳಿಗ್ಗೆ ನಾನೇ ಠಾಣೆಗೆ ಹೋಗಿ ಅರ್ಜಿ ಕೊಟ್ಟು ಬಂದೆ. ಮಾನ್ಯತೆ ಸಿಕ್ಕಿತು. ಟೀಚರು ಶಾಲೆಗೆಲ್ಲ ಪೇಡೆ ಹಂಚಿದರು. ನಾನೂ ತಿಂದೆ.

ಹತ್ತು ವರ್ಷ ನಾನು ಸುಮ್ಮನಿದ್ದೆ. ಲೆಕ್ಕ ಹಾಕಲಿಲ್ಲ. ಹಾಕುವ ಧೈರ್ಯ ಆಗಲಿಲ್ಲ ಎನ್ನುವುದೇ ಸರಿ. ಕಳೆದ ತಿಂಗಳು ಟೀಚರ ಪಿಂಚಣಿ ಅರ್ಜಿಗೆ ಕಚೇರಿಯಿಂದ ಉತ್ತರ ಬಂದಾಗ ಐದು ತಿಂಗಳು ಎಂಬುದು ಕಣ್ಣಿಗೆ ಬಿತ್ತು. ಟೀಚರು ಕಾಗದ ಮಡಚಿ ಚೀಲಕ್ಕೆ ಹಾಕಿಕೊಂಡು, “ಉಡುಪಿಯಲ್ಲಿ ಒಂದು ಸಣ್ಣ ಬಾಡಿಗೆ ಮನೆ ಮಾಡುವ ಅಂತ ಇತ್ತು ಸರ್. ಹುಟ್ಟಿದಲ್ಲಿಂದ ಬೇರೆಯವರ ಮನೆಯಲ್ಲೇ ಇದ್ದವಳು ನಾನು. ಇನ್ನು ಊರಲ್ಲಿರುವ ತಮ್ಮನ ಮಗಳು ಮಾಳಿಗೆಯ ಕೋಣೆ ಕೊಡ್ತಾಳಂತೆ. ಅಡ್ಡಿ ಇಲ್ಲ” ಎಂದರು. ಆಮೇಲೆ ಎಂದಿನಂತೆ ಚಹಾಕ್ಕೆ ನೀರಿಟ್ಟರು.

ಠಾಣೆಯ ಕಚೇರಿಗೆ ಹೋಗಿ ತಪ್ಪು ನನ್ನದು ಎಂದು ಬರೆದುಕೊಟ್ಟೆ. ಅಲ್ಲಿಯ ಅಧಿಕಾರಿ ಓದಿ ಪಕ್ಕಕ್ಕಿಟ್ಟರು. ನಿವೃತ್ತಿಯಾಗುವವರಿಗೆ ಸಹಾಯ ಮಾಡಲು ಎಲ್ಲ ಮುಖ್ಯಾಧ್ಯಾಪಕರೂ ಹೀಗೇ ಬರೆಯುತ್ತಾರೆ ಎಂದರು. ಅನ್ಯಾಯವಾದವರು ತಾವೇ ದೂರು ಕೊಡಬೇಕು, ಅದೂ ಸೇವೆಯಲ್ಲಿರುವಾಗಲೇ ಸಹಿ ಮಾಡಿರಬೇಕು. ಆಗ ವಿಚಾರಣೆ ನಡೆಯುತ್ತದೆ. ತಪ್ಪು ಸಾಬೀತಾದರೆ ಅವರ ಸೇವೆಯನ್ನು ಎಂಬತ್ತೇಳರ ಜೂನಿನಿಂದ ಎಣಿಸಬಹುದು. ನನ್ನ ನಿವೃತ್ತಿಗೆ ಇನ್ನೊಂದು ವರ್ಷವಿದೆ. ನನ್ನ ಪಿಂಚಣಿಯ ಗತಿ ಏನಾಗುತ್ತದೆ ಎಂದೂ ಅವರು ತಿಳಿಸಿ ಹೇಳಿದರು. ತಿಳಿದುಕೊಂಡು ಬಂದಿದ್ದೇನೆ.

ಟೀಚರ್, ಇಂದು ಫೆಬ್ರವರಿ ಇಪ್ಪತ್ತೆಂಟು. ನಿಮ್ಮ ಸೇವೆಯ ಕೊನೆಯ ದಿನ. ನಾಳೆ ನೀವು ಕೊಂಕಣ ರೈಲು ಹತ್ತುತ್ತೀರಿ. ಇದನ್ನು ಸ್ಟಾಫ್ ರೂಮಿನಲ್ಲಿ ಹೇಳಬಹುದಿತ್ತು. ಒಂದು ತಿಂಗಳು ಪ್ರತಿ ಸಂಜೆ ಪ್ರಯತ್ನ ಮಾಡಿದೆ, ಬಾಯಿ ಬರಲಿಲ್ಲ. ಅಲ್ಲದೆ ಅಲ್ಲಿ ಹೇಳಿದ್ದರೆ ನೀವು ‘ಹೋಗಲಿ ಬಿಡಿ ಸರ್’ ಅನ್ನುತ್ತಿದ್ದಿರಿ. ನನಗೆ ಗೊತ್ತು. ಇಷ್ಟು ಜನರ ಮುಂದೆ ಹಾಗೆ ಅನ್ನಲು ಬರುವುದಿಲ್ಲ.

ನನ್ನ ಮೇಲಿನ ದೂರನ್ನು ನಾನೇ ಬರೆದು ತಂದಿದ್ದೇನೆ. ದಿನಾಂಕ ಹಾಕಿದೆ, ಸುತ್ತೋಲೆಯ ಸಂಖ್ಯೆ ಹಾಕಿದೆ. ನಿಮ್ಮ ಸಹಿಯೊಂದು ಬೇಕು. ಸೋಮವಾರ ನಾನೇ ಮುಟ್ಟಿಸುತ್ತೇನೆ. ಈ ಸಲ ನನ್ನನ್ನು ನಂಬುವುದು ಬೇಡ, ಅಧ್ಯಕ್ಷರು ಜೊತೆಗೆ ಬರಲಿ.

ಒಂದು ಸಾಲು ಮಾತ್ರ ಖಾಲಿ ಬಿಟ್ಟಿದ್ದೇನೆ, ‘ವಿಳಂಬಕ್ಕೆ ಕಾರಣ’ ಎಂಬುದು. ಮೂರು ಸಲ ಬರೆದು ಮೂರು ಸಲ ಹೊಡೆದುಹಾಕಿದೆ. ಅಲ್ಲಿ ‘ಮುಖ್ಯಾಧ್ಯಾಪಕರ ನಿರ್ಲಕ್ಷ್ಯ’ ಎಂದು ನೀವೇ ಬರೆಯಿರಿ. ಕಚೇರಿಗೆ ಅಷ್ಟು ಸಾಕು.

ಇಷ್ಟು ಹೊತ್ತು ಕೂತು ಕೇಳಿದ ಹಿರಿಯರಿಗೆ, ತಾಯಂದಿರಿಗೆ, ಮಕ್ಕಳಿಗೆ ನನ್ನ ವಂದನೆಗಳು. ಟೀಚರ್, ಅದು ನಿರ್ಲಕ್ಷ್ಯ ಆಗಿರಲಿಲ್ಲ. ನಮಸ್ಕಾರ.