ಸಹಿಗೆ ಮುಂಚಿನ ರಾತ್ರಿ

ರಾತ್ರಿ ಹತ್ತೂವರೆ. ನಮ್ಮ ದೊಡ್ಡಪ್ಪನ ಮಗ ಚಪ್ಪಲಿ ಕೈಯಲ್ಲಿ ಹಿಡಿದು ಆಸ್ಪತ್ರೆಯ ಹಿಂಬಾಗಿಲಿಂದ ಆಚೆ ಬಂದ. ಮನೆ ಕಡೆ ಕಾಲು ಹಾಕಿದ.

ತರಕಾರಿ ಮಂಡಿಯಲ್ಲಿ ಹರಾಜು ಕೂಗುವವನು. ಎಲ್ಲರ ಬಾಯಲ್ಲೂ ಅವನು 'ಕಹಳೆ'. ಆ ಗಂಟಲಿಗೇ ಕ್ಯಾನ್ಸರ್ ಬಂದಿತ್ತು. ಬೆಳಗ್ಗೆ ಎಂಟಕ್ಕೆ ಧ್ವನಿಪೆಟ್ಟಿಗೆ ತೆಗೆಯಬೇಕು. ತೆಗೆದರೆ ಬದುಕು, ಬಿಟ್ಟರೆ ಆರು ತಿಂಗಳು. ಕಹಳೆ ಇನ್ನೂ ಸಹಿ ಹಾಕಿರಲಿಲ್ಲ.

ಆ ಆಸ್ಪತ್ರೆಯಲ್ಲೊಂದು ರೂಢಿ. ಮುಂಚಿನ ಸಂಜೆ, ಅದೇ ಆಪರೇಷನ್ ಆದವರೊಬ್ಬರನ್ನು ರೋಗಿಯ ಹತ್ತಿರ ಕಳಿಸುತ್ತಾರೆ, 'ನೋಡು, ನಾನು ಬದುಕಿಲ್ವಾ' ಅಂತ ತೋರಿಸೋಕೆ. ಕಹಳೆ ಆರಕ್ಕೆ ಕಾದ... ಎಂಟಕ್ಕೆ ಕಾದ... ಯಾರೂ ಬರಲಿಲ್ಲ.

ಹಿಂದಿನ ಗಲ್ಲಿಯಲ್ಲಿ ಕಬ್ಬಿಣದ ಬಲೆ ಹೊದಿಸಿದ ಬಾವಿ. ಅದರ ಕಟ್ಟೆ ಮೇಲೆ ಯಾರೋ ಕೂತಿದ್ದ. ಟಾರ್ಚಿನಂಥದ್ದೊಂದನ್ನು, ಧ್ವನಿಪೆಟ್ಟಿಗೆ ತೆಗೆಸಿಕೊಂಡವರು ಮಾತಾಡೋ ಯಂತ್ರವನ್ನು, ಕತ್ತಿಗೆ ಒತ್ತಿಕೊಂಡ. ಝುಂಯ್ಯ್... ತಗಡಿನ ಡಬ್ಬಿಯಲ್ಲಿ ದುಂಬಿ ಸಿಕ್ಕಿಕೊಂಡ ಸದ್ದು. ಅದರೊಳಗಿಂದಲೇ ಮಾತು.

"ಮನೆಗಾ?"

ಕಹಳೆಗೆ ಹೆದರಿಕೆಯೂ ಆಗಲಿಲ್ಲ. ಸಂಜೆ ಬರಬೇಕಾದವನು ಇವನೇ, ತಡವಾಗಿ ಬಂದಿದ್ದಾನೆ ಅಂದುಕೊಂಡ.

"ಹೂಂ. ಕೂಗೋದು ಬಿಟ್ಟು ನಂಗೇನು ಬರುತ್ತೆ?" ಪಿಸುಗುಟ್ಟಿದ. ದನಿ ಆಗಲೇ ಸೀಳಿದ ಬಿದಿರು.

"ನಾನು ಬಸ್ ಕಂಡಕ್ಟರು. ಮೊದಲು ಗಂಟಲು ಹರ್ಕೊಂಡ್ರೂ ಒಬ್ಬನೂ ಮುಂದೆ ಹೋಗ್ತಿರಲಿಲ್ಲ. ಇದು ಬಂದ್ಮೇಲೆ ಬಸ್ಸೇ ಗಪ್‌ಚುಪ್."

"ಹೆಂಡತಿ?"

"ಜಗಳ ಬಂದ್ರೆ ಬ್ಯಾಟರಿ ಕಿತ್ತಿಡ್ತಿದ್ಲು."

ನಗು ಬರಬೇಕಿತ್ತು. ಬರಲಿಲ್ಲ.

"ನೋವಾಗುತ್ತಾ?"

ಝುಂಯ್ಯ್... "ಆಗುತ್ತೆ. ತಿರುಗು. ಹೋಗು. ತಯಾರಿ ನಾನು ಮಾಡ್ತೀನಿ."

ಕಹಳೆ ತಿರುಗಿ ಬಂದ. ಸಹಿ ಹಾಕಿದ. ಕೈ ಬೇರೆ ಯಾರದೋ ಅನ್ನಿಸಿತಂತೆ, ಅಷ್ಟೇ. ಮಲಗಿದ.

ಬೆಳಗ್ಗೆ ರೋಗಿಗಳ ಸಹಾಯ ವಿಭಾಗದ ಹೆಂಗಸು ಬಂದಳು.

"ಕ್ಷಮಿಸಿ ಅಣ್ಣಾ, ನಿನ್ನೆ ಯಾರನ್ನೂ ಕಳಿಸೋಕಾಗಲಿಲ್ಲ. ಗಂಟಲಿನವರಿಗೆ ಅಂತ ನಮ್ಮಲ್ಲಿದ್ದದ್ದು ಒಬ್ಬರೇ, ಹಳೇ ಕಂಡಕ್ಟರು. ಸೋಮವಾರ ತೀರಿಕೊಂಡ್ರು... ನಿದ್ದೇಲೇ."

ಅವತ್ತು ಗುರುವಾರ.

ಕಹಳೆ "ಹೂಂ" ಅಂದ. ಸ್ವಂತ ಗಂಟಲಲ್ಲಿ ಅವನು ಆಡಿದ ಕೊನೇ ಮಾತು ಅದು. ಅಷ್ಟು ಹರಾಜು ಕೂಗಿದವನು... ಕೊನೆಗೆ ಒಂದು ಹೂಂ.

ಆಮೇಲೆ ನರ್ಸ್ ಬಂದಳು. ಕೈಯಲ್ಲಿ ರೇಜರು, ಬಿಸಿನೀರಿನ ಬೋಗುಣಿ.

"ಕತ್ತು ಬೋಳಿಸಬೇಕು ಯಜಮಾನ್ರೇ. ಗಡ್ಡ ಎತ್ತಿ."

ಮೂರು ತಿಂಗಳ ಗಡ್ಡ. ಎತ್ತಿದ. ನರ್ಸ್ ಕೈ ಅಲ್ಲೇ ನಿಂತಿತು.

"ಯಾರ್ರೀ ಮಾಡಿದ್ದು ಇದನ್ನ?"

ಗಡ್ಡ ಇದ್ದ ಹಾಗೇ ಇದೆ. ಅದರ ಕೆಳಗೆ, ಈ ಕಿವಿಯಿಂದ ಆ ಕಿವಿಗೆ, ಎದೆಮೂಳೆವರೆಗೂ ನುಣ್ಣಗೆ ಬೋಳಿಸಿದೆ.

ಸುಳ್ಳಾದರೆ ನನ್ನ ನಾಲಿಗೆ ಬಿದ್ದುಹೋಗಲಿ. ಆ ನರ್ಸ್ ಈಗಲೂ ಎರಡನೇ ಮಹಡಿಯಲ್ಲೇ ಇದ್ದಾಳೆ, ಹೋಗಿ ಕೇಳಿ. ಕಿವಿ ಹಿಂದೆ ಸೋಪಿನ ನೊರೆ... ಇನ್ನೂ ಒದ್ದೆಯಾಗೇ ಇತ್ತಂತೆ.